ಹಿಮಬಿರುಗಾಳಿ, ಪ್ರಾಬಬಿಲಿಟಿ ಮತ್ತು ಒಂದು ಸಣ್ಣ ಭಾಗಾಕಾರ

ಪ್ರಾಬಬಿಲಿಟಿ ಚಾಪ್ಟರ್ ಬಂದಾಗೆಲ್ಲ ಕ್ಲಾಸಲ್ಲಿ ಒಬ್ಬರಾದರೂ ಕೇಳ್ತಾರೆ: "ಇದು ನಿಜ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಉತ್ತರಕ್ಕೆ ಅಮೆರಿಕದ ಎರಡು ಊರುಗಳಿಗೆ ಹೋಗೋಣ. ಎರಡೂ ನ್ಯೂಯಾರ್ಕ್ ರಾಜ್ಯದಲ್ಲೇ ಇವೆ, ಎರಡಕ್ಕೂ ದೊಡ್ಡ ಹಿಮಬಿರುಗಾಳಿಯ ಎಚ್ಚರಿಕೆ ಸಿಕ್ಕಿತ್ತು.

ಮೊದಲು, ಹಿಮದ ಲೆಕ್ಕ ಯಾಕೆ ಕಷ್ಟ?

ಆಕಾಶದಿಂದ ಎಷ್ಟು ನೀರು ಬೀಳುತ್ತೆ ಅಂತ ಕಂಪ್ಯೂಟರ್ ಮಾಡೆಲ್ ಹೇಳುತ್ತೆ. ಅದನ್ನು ಹಿಮದ ಎತ್ತರಕ್ಕೆ ಬದಲಾಯಿಸಬೇಕು. ಸಾಮಾನ್ಯವಾಗಿ 1 ಸೆಂ.ಮೀ. ನೀರಿಗೆ 10 ಸೆಂ.ಮೀ. ಹಿಮ ಅಂತ ಹಿಡೀತಾರೆ. ಆದರೆ ಒದ್ದೆ ಹಿಮವಾದ್ರೆ 5, ಒಣ ಪುಡಿ ಹಿಮವಾದ್ರೆ 20 ಕೂಡ ಆಗಬಹುದು. ಅಂದರೆ ಅದೇ 25 ಮಿ.ಮೀ. ನೀರು 12 ಸೆಂ.ಮೀ. ಹಿಮವೂ ಆಗಬಹುದು, 50 ಸೆಂ.ಮೀ. ಹಿಮವೂ ಆಗಬಹುದು. ಇದರ ಮೇಲೆ ಬಿರುಗಾಳಿ ಸಾಗುವ ದಾರಿ ಸ್ವಲ್ಪ ಪಕ್ಕಕ್ಕೆ ಸರಿದರೂ ಲೆಕ್ಕವೆಲ್ಲ ಉಲ್ಟಾ.

ನ್ಯೂಯಾರ್ಕ್ ನಗರ, ಜನವರಿ 2015

ಮುನ್ಸೂಚನೆ 20ರಿಂದ 30 ಇಂಚು ಅಂತಿತ್ತು, ಅಂದರೆ 50ರಿಂದ 75 ಸೆಂ.ಮೀ. ಯುರೋಪಿನ ಮಾಡೆಲ್ ಜಾಸ್ತಿ ಹಿಮ ತೋರಿಸ್ತಿತ್ತು, ಅಮೆರಿಕದ್ದು ಕಮ್ಮಿ. ಜನವರಿ 26ರ ರಾತ್ರಿ ಸಬ್‌ವೇ ರೈಲನ್ನೇ ನಿಲ್ಲಿಸಿದರು. ಹಿಮದ ಕಾರಣಕ್ಕೆ ಹಾಗೆ ಮಾಡಿದ್ದು ಅದರ ಇತಿಹಾಸದಲ್ಲೇ ಮೊದಲು. ಆದರೆ ಬಿರುಗಾಳಿ ಪೂರ್ವಕ್ಕೆ ಸರಿಯಿತು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದಿದ್ದು 9.8 ಇಂಚು ಅಷ್ಟೇ. ಅದೇ ಬಿರುಗಾಳಿ ಬಾಸ್ಟನ್‌ನಲ್ಲಿ 24.6 ಇಂಚು ಸುರಿಸಿತು. ನ್ಯೂಯಾರ್ಕಿನವರು ಹವಾಮಾನದವರನ್ನು ಚೆನ್ನಾಗಿ ಬೈದರು.

ಬಫಲೋ, ಡಿಸೆಂಬರ್ 2022

ಇಲ್ಲಿ ಕಥೆ ಬೇರೆ. ಬಫಲೋ ಇರೋದು ಎರಿ ಸರೋವರದ ದಡದಲ್ಲಿ. ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ತುಂಬಾ ತಣ್ಣನೆ ಗಾಳಿ ಹಾದುಹೋದರೆ ತೇವ ಹೀರಿಕೊಂಡು ದಡದ ಮೇಲೆ ಹಿಮವಾಗಿ ಸುರಿಸುತ್ತೆ. ಹವಾಮಾನ ಇಲಾಖೆ ದಿನಗಳ ಮೊದಲೇ ಗಟ್ಟಿಯಾಗಿ ಎಚ್ಚರಿಸಿತ್ತು, ಮುನ್ಸೂಚನೆಯೂ ಸರಿಯಾಗೇ ಇತ್ತು. ಆದರೆ ವಾಹನ ಓಡಿಸಬಾರದು ಅನ್ನೋ ಆದೇಶ ಬಂದಿದ್ದು ಡಿಸೆಂಬರ್ 23ರ ಬೆಳಗ್ಗೆ, ಜನ ಆಗಲೇ ಕೆಲಸಕ್ಕೆ ಹೊರಟಿದ್ದಾಗ. ಒಂದೂವರೆ ದಿನ ಎದುರಿಗೆ ಏನೂ ಕಾಣದಂಥ ಗಾಳಿ. ಆಂಬ್ಯುಲೆನ್ಸ್‌ಗಳೇ ಸಿಕ್ಕಿಹಾಕಿಕೊಂಡವು. ಆ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ಕಾರಿನೊಳಗೆ, ಕೆಲವರು ರಸ್ತೆಯಲ್ಲಿ, ಕೆಲವರು ಸಹಾಯ ಬರದೆ ಮನೆಯಲ್ಲೇ.

ಈಗ ಭಾಗಾಕಾರ

ಮುನ್ಸೂಚನೆ ತಪ್ಪಾದ ಊರಲ್ಲಿ ಒಂದು ದಿನದ ವ್ಯಾಪಾರ ಹೋಯ್ತು. ಮುನ್ಸೂಚನೆ ಸರಿಯಾಗಿದ್ದ ಊರಲ್ಲಿ ಜೀವಗಳೇ ಹೋದವು. ಹಾಗಾದರೆ ತಯಾರಿ ಯಾವಾಗ ಶುರು ಮಾಡಬೇಕು?

ತಯಾರಿಯ ಖರ್ಚು 10 ಲಕ್ಷ, ತಯಾರಿ ಇಲ್ಲದೆ ಬಿರುಗಾಳಿ ಬಂದರೆ ನಷ್ಟ 1 ಕೋಟಿ ಅಂದುಕೊಳ್ಳಿ. ತಯಾರಿ ಮಾಡಿದರೆ ಆ ನಷ್ಟ ಪೂರ್ತಿ ತಪ್ಪುತ್ತೆ ಅಂತಲೂ ಇಟ್ಕೊಳ್ಳಿ. ಸುಮ್ಮನೆ ಕೂತರೆ ಸರಾಸರಿ ನಷ್ಟ = ಸಾಧ್ಯತೆ × 1 ಕೋಟಿ. ಇದು 10 ಲಕ್ಷ ದಾಟಿದರೆ ತಯಾರಿಯೇ ಲಾಭ. ಅಂದರೆ ಸಾಧ್ಯತೆ, ಖರ್ಚು ÷ ನಷ್ಟಕ್ಕಿಂತ ಜಾಸ್ತಿ ಇದ್ದರೆ ಸಾಕು. ಇಲ್ಲಿ ಅದು ಬರೀ 10%. "ಬಂದೇ ಬರುತ್ತೆ" ಅನ್ನೋವರೆಗೂ ಕಾಯಬೇಕಿಲ್ಲ!

ಆ ಶೇಕಡಾ ಎಲ್ಲಿಂದ ಬರುತ್ತೆ? ಒಂದೇ ಮಾಡೆಲನ್ನು ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಹಲವು ಸಲ ಓಡಿಸ್ತಾರೆ. ಯುರೋಪಿನ ಕೇಂದ್ರದಲ್ಲಿ 51 ಸಲ. ಅದರಲ್ಲಿ 10 ಸಲ ಭಾರೀ ಹಿಮ ಬಂದರೆ ಸಾಧ್ಯತೆ ಸುಮಾರು 20%. ಟಿವಿಯಲ್ಲಿ ಒಂದೇ ಒಂದು ಸಂಖ್ಯೆ ಹೇಳಿದರೆ ಈ ಮಾಹಿತಿಯೆಲ್ಲ ಕಳೆದುಹೋಗುತ್ತೆ. 2015ರ ನಂತರ ಅಲ್ಲಿ ಜೋರಾಗಿ ಚರ್ಚೆಯಾದದ್ದು ಇದೇ.

ಒಂದು ಎಚ್ಚರ: ಪದೇ ಪದೇ ಸುಳ್ಳಾದ ಎಚ್ಚರಿಕೆಯನ್ನು ಜನ ನಂಬಲ್ಲ. ಆ ನಂಬಿಕೆಯನ್ನೂ ಖರ್ಚಿನ ಕಡೆ ಸೇರಿಸಬೇಕು. ಅದಕ್ಕೆ ರೂಪಾಯಿ ಲೆಕ್ಕ ಹಾಕೋದು ಹೇಗೆ ಅನ್ನೋದೇ ಕಷ್ಟದ ಪ್ರಶ್ನೆ.

ಎಂಎಸ್‌ಗೆ ಹೋಗೋರಿಗೆ

ಹಿಮ ಶುರುವಾಗೋ ಮುಂಚೆಯೇ ರಸ್ತೆಗೆ ಉಪ್ಪುನೀರು ಹಾಕ್ತಾರೆ. ನೀರು ಹೆಪ್ಪುಗಟ್ಟುವ ತಾಪಮಾನ ಅದರಿಂದ ಇಳಿಯುತ್ತೆ. ಆದರೆ ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಉಪ್ಪಿನ ಆಟ ಹೆಚ್ಚು ನಡೆಯಲ್ಲ. ಮೂರು ದಿನದ ಊಟ, ನೀರು, ಔಷಧಿ, ಚಾರ್ಜ್ ಆದ ಪವರ್ ಬ್ಯಾಂಕ್ ಇಟ್ಕೊಳ್ಳಿ. ಕಾರಲ್ಲಿ ಸಿಕ್ಕಿಹಾಕಿಕೊಂಡರೆ ಎಂಜಿನ್ ಹಾಕೋ ಮುಂಚೆ ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ, ಇಲ್ಲದಿದ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ. ಜನರೇಟರ್ ಯಾವತ್ತೂ ಮನೆಯೊಳಗೆ ಬೇಡ.

ನಮ್ಮ ಕರಾವಳಿಯಲ್ಲಿ ರೆಡ್ ಅಲರ್ಟ್ ಬಂದಾಗ ಡಿಸಿ ರಜೆ ಕೊಡೋದೂ ಇದೇ ಭಾಗಾಕಾರ. ಮುಂದಿನ ಸಲ ರಜೆ ಕೊಟ್ಟ ದಿನ ಬಿಸಿಲು ಬಂದರೆ ನಗೋ ಮುಂಚೆ ಒಮ್ಮೆ ಕೇಳಿ: ಸಾಧ್ಯತೆ ಎಷ್ಟಿತ್ತು? ರಜೆ ಕೊಡದೆ ಮಳೆ ಬಂದಿದ್ದರೆ ನಷ್ಟ ಎಷ್ಟಾಗ್ತಿತ್ತು?