ಪ್ಯಾರಿಸ್ಸಿನ ಈರುಳ್ಳಿ ಸಾರು ಮತ್ತು ಗುಪ್ತೋಷ್ಣ

ಪ್ಯಾರಿಸ್ ನಗರದ ನಡುವೆ ಲೆ ಆಲ್ ಎಂಬ ದೊಡ್ಡ ಸಗಟು ಪೇಟೆಯೊಂದಿತ್ತು. 1969ರಲ್ಲಿ ಅದು ನಗರದ ಹೊರಗಣ ರಂಜಿಸ್ ಎಂಬಲ್ಲಿಗೆ ಸ್ಥಳಾಂತರಗೊಂಡಿತು. ಅಲ್ಲಿಯವರೆಗೆ, ರಾತ್ರಿಯೆಲ್ಲ ಮೂಟೆ ಹೊತ್ತು ದಣಿದ ಕೂಲಿಗಾರರು ಬೆಳಗಿನ ಜಾವದಲ್ಲಿ ಸುತ್ತಮುತ್ತಲ ಬಿಸ್ಟ್ರೊಗಳಲ್ಲಿ, ಅಂದರೆ ಸಾದಾ ಊಟದ ಸಣ್ಣ ಅಂಗಡಿಗಳಲ್ಲಿ, ಬಿಸಿ ಈರುಳ್ಳಿ ಸಾರು ಕುಡಿಯುತ್ತಿದ್ದರು. ಇಂದಿಗೂ ಅದು ಫ್ರೆಂಚ್ ಬಿಸ್ಟ್ರೊಗಳ ಪ್ರಸಿದ್ಧ ತಿನಿಸು. ಕಂದುಬಣ್ಣದ ಸಾರು, ಅದರ ಮೇಲೆ ಒಣ ಬ್ರೆಡ್ಡು, ಬ್ರೆಡ್ಡಿನ ಮೇಲೆ ಕರಗಿ ಕೆಂಪಾದ ಚೀಸ್—ಇಷ್ಟೇ ಅದರ ಸ್ವರೂಪ.

ಈ ಸಾರನ್ನು ಮನೆಯಲ್ಲಿ ಮಾಡಹೊರಟ ನಾವು ಮೊದಲ ಸಲ ಸೋತೆವು. ನಾವು ನೋಡಿದ ಪಾಕವಿಧಾನವು ಈರುಳ್ಳಿ ಹತ್ತು ನಿಮಿಷದಲ್ಲಿ ಕೆಂಪಾಗುವುದೆಂದು ಹೇಳಿತ್ತು. ಹತ್ತು ನಿಮಿಷ ಕಳೆದರೂ ಅದು ಬೆಳ್ಳಗೇ ಇದ್ದುದರಿಂದ ಉರಿಯನ್ನು ಹೆಚ್ಚಿಸಿದೆವು. ತಳ ಸೀದುಹೋಯಿತು; ಮೇಲಿನ ಈರುಳ್ಳಿ ಮಾತ್ರ ಬಣ್ಣವೇರದೆ ಉಳಿಯಿತು; ಸಾರು ಕಹಿಯಾಯಿತು. ತರಗತಿಯಲ್ಲಿ ಗುಪ್ತೋಷ್ಣದ ಪಾಠ ಹೇಳುವ ನಾವೇ ಒಲೆಯ ಮುಂದೆ ಅದನ್ನು ಮರೆತಿದ್ದೆವು!

ಈರುಳ್ಳಿ ಕೆಂಪಾಗುವುದೆಂದರೇನು? ಅದರಲ್ಲಿರುವ ಸಕ್ಕರೆಗಳೂ ಅಮೈನೊ ಆಮ್ಲಗಳೂ ಕಾವಿನಲ್ಲಿ ಪರಸ್ಪರ ಸಂಯೋಗ ಹೊಂದಿ ಬಣ್ಣ ಮತ್ತು ಪರಿಮಳಗಳನ್ನು ಕೊಡುವ ಹೊಸ ವಸ್ತುಗಳಾಗುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಯ್ ಮೈಯಾರರ ಹೆಸರನ್ನೇ ಈ ಕ್ರಿಯೆಗೆ ಇಡಲಾಗಿದೆ. ನೂರು ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಇದು ಬಹಳ ನಿಧಾನ. 140 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗುತ್ತದೆ. ಆದರೆ ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಪಾಲು ನೀರು. ನೀರಿರುವವರೆಗೆ ಅದರ ಉಷ್ಣತೆ ಕುದಿಯುವ ಬಿಂದುವನ್ನು ದಾಟುವುದಿಲ್ಲ. ಕೊಟ್ಟ ಶಾಖವೆಲ್ಲ ಉಷ್ಣತೆಯನ್ನು ಏರಿಸದೆ, ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಇದೇ ಗುಪ್ತೋಷ್ಣ. (ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ಬಿಂದುವು ಸುಮಾರು 97 ಡಿಗ್ರಿ.)

ಈಗ ಲೆಕ್ಕ ಹಾಕೋಣ. ಒಂದು ಕಿಲೊಗ್ರಾಂ ಈರುಳ್ಳಿಯನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 300 ಕಿಲೊಜೂಲ್ ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಬೇಕಾದ್ದರಿಂದ, 700 ಗ್ರಾಂ ನೀರನ್ನು ಓಡಿಸಲು ಸುಮಾರು 1,580 ಕಿಲೊಜೂಲ್. ಒಟ್ಟು 1,880. ಪಾತ್ರೆಗೆ ಸೆಕೆಂಡಿಗೆ 500 ಜೂಲ್ ಸೇರುತ್ತದೆಂದು ಇಟ್ಟುಕೊಂಡರೆ 3,760 ಸೆಕೆಂಡು, ಅಂದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು! ಹತ್ತು ನಿಮಿಷದಲ್ಲಿ ಈರುಳ್ಳಿ ಬಿಸಿಯಾದೀತೇ ಹೊರತು ಕೆಂಪಾಗಲಾರದು.

ಹಾಗಾದರೆ ಉರಿಯನ್ನು ಇಮ್ಮಡಿ ಮಾಡಿದರೆ ಕಾಲ ಅರ್ಧವಾಗದೇ? ಶಾಖವು ಪಾತ್ರೆಯಲ್ಲೆಲ್ಲ ಸಮನಾಗಿ ಹರಡಿದರೆ ಆಗುತ್ತಿತ್ತು. ಆದರೆ ಅದು ಬರುವುದು ತಳದಿಂದ; ಈರುಳ್ಳಿಯೋ ಮಂದ ಉಷ್ಣವಾಹಕ. ತಳದ ಪದರ ಬೇಗನೆ ಒಣಗಿ 200 ಡಿಗ್ರಿಯನ್ನೂ ಮೀರಿ ಸೀಯುವಾಗ, ಮೇಲಿನ ಪದರ ಇನ್ನೂ ನೀರಿನಲ್ಲೇ ಬೇಯುತ್ತಿರುತ್ತದೆ. ಸಣ್ಣ ಉರಿ, ದಪ್ಪ ತಳ, ಆಗಾಗ ಮಗುಚುವಿಕೆ—ಈ ಮೂರೂ ಬೇಕಾಗುವುದು ಇದರಿಂದಲೇ.

ವಿಧಾನ ಹೀಗಿದೆ. ಉದ್ದುದ್ದ ಹೆಚ್ಚಿದ ಒಂದು ಕಿಲೊ ಈರುಳ್ಳಿ, 50 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು ಇವುಗಳನ್ನು ಮುಚ್ಚಳವಿಟ್ಟು ಹದಿನೈದು ನಿಮಿಷ ಬೇಯಿಸಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಮುಚ್ಚಳವು ಆವಿಯನ್ನು ಹಿಡಿದಿಟ್ಟು ಎಲ್ಲವೂ ಬೇಗ ಕಾಯುವಂತೆ ಮಾಡುತ್ತದೆ. ಅನಂತರ ಮುಚ್ಚಳ ತೆಗೆಯಬೇಕು. ಈಗ ಆವಿ ಹೋಗುವುದೇ ನಮಗೆ ಬೇಕು. ಸುಮಾರು ಮುಕ್ಕಾಲು ಗಂಟೆ ಮಗುಚುತ್ತಿದ್ದರೆ ಹೊಂಬಣ್ಣ ಬಂದು, ಬಳಿಕ ಕಂದುಬಣ್ಣ ಬರುತ್ತದೆ. ತಳಕ್ಕೆ ಕಂದು ಪದಾರ್ಥ ಅಂಟಿದರೆ ಎರಡು ಚಮಚ ನೀರು ಹಾಕಿ ಕೆರೆಯಬೇಕು. ರುಚಿಯ ಹೆಚ್ಚು ಪಾಲು ಅದರಲ್ಲೇ ಇದೆ. ಒಂದು ಚಮಚ ಮೈದಾ ಬೆರೆಸಿ, ಒಂದೂಕಾಲು ಲೀಟರ್ ಸಾರು ಹೊಯ್ದು ಇಪ್ಪತ್ತು ನಿಮಿಷ ಮೆಲ್ಲನೆ ಕುದಿಸಬೇಕು. ಫ್ರೆಂಚರು ಇದಕ್ಕೆ ಮಾಂಸದ ಸಾರನ್ನು ಬಳಸುತ್ತಾರೆ. ಶಾಕಾಹಾರಿಗಳಿಗೆ ತರಕಾರಿ ಬೇಯಿಸಿದ ನೀರಾದೀತು. ಇಲ್ಲಿಯೂ ಕೊತಕೊತ ಕುದಿಸಿದರೆ ಉಷ್ಣತೆ ಏರದು, ಇಂಧನ ಮಾತ್ರ ವ್ಯರ್ಥ.

ಕೊನೆಗೆ ಒಣಗಿಸಿದ ಬ್ರೆಡ್ಡನ್ನು ತೇಲಿಬಿಟ್ಟು, ತುರಿದ ಗ್ರುಯೇರ್ ಚೀಸ್ ಹರಡಿ, ಕಾವನ್ನು ತಡೆಯುವ ಬಟ್ಟಲನ್ನು ಓವನ್ನಿನಲ್ಲಿ ಮೇಲಿನ ಕಾವಿಗೆ ಹಿಡಿಯುತ್ತಾರೆ. ವಿಕಿರಣದಿಂದ ಬಂದ ಶಾಖವು ಚೀಸಿನ ಮೇಲ್ಮೈಯನ್ನು ಒಣಗಿಸಿ ಕೆಂಪಾಗಿಸುತ್ತದೆ. ಬೆರಳಗಲ ಕೆಳಗಿರುವ ಸಾರು ಮಾತ್ರ ಕುದಿಯುವ ಬಿಂದುವನ್ನು ದಾಟುವುದಿಲ್ಲ. ಹೀಗೆ ಒಂದೇ ಬಟ್ಟಲಿನಲ್ಲಿ ನೀರಿರುವ ಎಡೆಯೂ ನೀರು ಹೋದ ಎಡೆಯೂ ಒಟ್ಟಿಗೆ ಕಾಣುತ್ತವೆ.

ವಿದ್ಯಾರ್ಥಿ ಮಿತ್ರರು ಇದನ್ನು ತಕ್ಕಡಿಯಿಂದಲೇ ಪರೀಕ್ಷಿಸಬಹುದು. ಬರಿಯ ಪಾತ್ರೆಯ ತೂಕವನ್ನು ಮೊದಲು ಬರೆದಿಟ್ಟುಕೊಂಡು, ಹತ್ತು ಹತ್ತು ನಿಮಿಷಕ್ಕೆ ಈರುಳ್ಳಿಸಹಿತ ತೂಗಿ, ಪಕ್ಕದಲ್ಲಿ ಬಣ್ಣವನ್ನೂ ಗುರುತಿಸಿರಿ. ತೂಕವು ಬಹುಮಟ್ಟಿಗೆ ಇಳಿದ ಮೇಲೆಯೇ ಬಣ್ಣ ಬೇಗಬೇಗನೆ ಏರುವುದನ್ನು ಕಾಣುವಿರಿ. ಆಗ ಪಾಕವಿಧಾನದ ಹತ್ತು ನಿಮಿಷವನ್ನು ನಂಬಬೇಕೇ, ತಕ್ಕಡಿಯನ್ನು ನಂಬಬೇಕೇ ಎಂಬುದನ್ನು ನೀವೇ ನಿರ್ಣಯಿಸಿರಿ.