ಬೀಪ್ ಅಂದರೆ ಸಾಲದು

ಹೈದರಾಬಾದಿನ ಸುಲ್ತಾನ್ ಬಜಾರಿನ ಸಂದಣಿಯಲ್ಲಿ ಹಳೇ ಕಾರು ಓಡಿಸುವವರಿಗೆ ಮೇ ತಿಂಗಳು ಬೇರೆಯೇ ಪರೀಕ್ಷೆ. ನಮ್ಮದು ಕಾರ್ಬುರೇಟರ್ ಕಾಲದ ಮಾರುತಿ 800. ಬಡೀ ಚೌಡಿ ದಾಟಿ ಕೋಠಿ ಸೇರುವಷ್ಟರಲ್ಲಿ ಎಂಜಿನ್ ಬಂದ್. ಬಾನೆಟ್ ಎತ್ತಿ ತಣಿಯಲು ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್! ಕಾಯಿಲ್ ಬದಲಾಯಿತು, ಪ್ಲಗ್ಗುಗಳೂ ಬದಲಾದವು. ತಂತಿಗಳ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಮೀಟರ್ ಇಟ್ಟಾಗಲೆಲ್ಲ ಬೀಪ್ ಅನ್ನುತ್ತಿತ್ತಲ್ಲ.

ತಂತಿಯೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಅದು ಹರಿಸುವ ಕರೆಂಟೇ ಅಷ್ಟು ಅಲ್ಪ. ಹೊರೆ ಬಿದ್ದಾಗಲೇ ತಂತಿಯ ಬಂಡವಾಳ ಬಯಲಾಗುವುದು. ಎಂಜಿನ್ ಓಡುತ್ತಿರುವಾಗ ತಂತಿಯ ಎರಡೂ ತುದಿಗೆ ವೋಲ್ಟ್‌ಮೀಟರ್ ಹಚ್ಚಬೇಕು. ಚೆನ್ನಾಗಿರುವ ತಂತಿಯಲ್ಲಿ 0.2 ವೋಲ್ಟ್ ಆಸುಪಾಸು ಕಳೆದೀತು. ಕಾಯಿಲ್‌ಗೆ ಹೋಗುವ ನಮ್ಮ ತಂತಿ ಒಂದು ವೋಲ್ಟಿಗೂ ಹೆಚ್ಚು ನುಂಗುತ್ತಿತ್ತು.

ಟೇಪ್ ಬಿಚ್ಚಿದೆವು. ಸೈಲೆನ್ಸರ್ ಕಡೆಯ ಶಾಖ ತಾಗುವಲ್ಲಿ ತಂತಿಯ ಹೊದಿಕೆ ಬಗ್ಗಿಸಿದರೆ ಹಪ್ಪಳದಂತೆ ಚಟಕ್ಕನೆ ಮುರಿಯಿತು. ಒಳಗಿನ ತಾಮ್ರ ಕಪ್ಪಗೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯದು. ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಲೇ ಹೋಗಬೇಕು. ಡ್ಯಾಶ್‌ಬೋರ್ಡ್ ಒಳಗಿನ ತಂತಿಗಳು ಮೆತ್ತಗೇ ಇದ್ದವು. ‘ಪೂರ್ತಿ ವೈರಿಂಗ್ ಹೊಸದು ಹಾಕಿಬಿಡಿ ಸಾರ್’ ಎನ್ನುವ ಮಾತಿಗೆ ಅಲ್ಲೇ ತೆರೆ ಬಿತ್ತು.

ಪಕ್ಕದ ಟ್ರೂಪ್ ಬಜಾರಿನಲ್ಲಿ ವೈರಿಗೇನು ಬರವೇ? ಆದರೆ ಅದು ಮನೆಗೋಡೆಯೊಳಗೆ ಅಲುಗಾಡದೆ ಕೂರುವ ವೈರು. ಎಂಜಿನ್ನಿನ ನಡುಕಕ್ಕೆ, ಆಯಿಲ್‌ಗೆ, ಕಾವಿಗೆ ಬಾಳುವಂಥದ್ದಲ್ಲ. ರಾಣಿಗಂಜ್‌ಗೆ ಹೋದರೆ ಅಂಗಡಿಯವರು ‘ಕಿತ್ತಾ ಹೋನಾ ಭಾಯ್?’ ಎನ್ನುತ್ತ ಗಾಡಿ ವೈರನ್ನೇ ಮೀಟರ್ ಲೆಕ್ಕದಲ್ಲಿ ಅಳೆದು ಕೊಟ್ಟರು. ಹಳೆಯದರ ಬಣ್ಣ, ದಪ್ಪ ಎರಡೂ ಹೊಂದಬೇಕು. ಬಣ್ಣ ತಪ್ಪಿದರೆ ಮುಂದೆ ಕೈಹಾಕುವ ಮೆಕ್ಯಾನಿಕ್ ನಿಮ್ಮನ್ನು ಶಪಿಸುತ್ತಾನೆ.

ಒಂದು ತಂತಿ ಮುಗಿಸಿಯೇ ಇನ್ನೊಂದು. ಜೋಡಣೆಗೆ ಬೆಸುಗೆಗಿಂತ ಒತ್ತಿ ಕೂರಿಸುವ ಲಗ್ಗೇ ಮೇಲು: ಸೀಸ ಎಳೆಗಳೊಳಗೆ ಹರಿದು ಸೆಟೆದ ಜಾಗದ ಅಂಚಿನಲ್ಲೇ ತಂತಿ ನಡುಗಿ ತುಂಡಾಗುತ್ತದೆ. ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್, ಅದರ ಮೇಲೆ ಬಟ್ಟೆ ಟೇಪ್. ಪ್ಲಾಸ್ಟಿಕ್ ಟೇಪಿನ ಗೋಂದು ಮೊದಲ ಬೇಸಿಗೆಗೇ ಕರಗಿ ಧೂಳು ಮೆತ್ತಿಕೊಳ್ಳುತ್ತದೆ.

ಬ್ಯಾಟರಿ ಹತ್ತಿರದ ಫ್ಯೂಸಿಬಲ್ ಲಿಂಕ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಅದು ನೋಡಲು ಸಾದಾ ತಂತಿಯ ತುಂಡು, ಶಾರ್ಟ್ ಆದಾಗ ತಾನು ಕರಗಿ ಉಳಿದದ್ದನ್ನು ಕಾಪಾಡಲಿಕ್ಕೆಂದೇ ಇರುವುದು. ಅಲ್ಲಿ ದಪ್ಪ ವೈರ್ ಸುತ್ತಿರುವ ಸೆಕೆಂಡ್ ಹ್ಯಾಂಡ್ ಕಾರು ಕಂಡರೆ, ಬೆಲೆ ಕೇಳುವ ಮೊದಲೇ ಆ ವೈರನ್ನು ಬದಲಾಯಿಸಲು ಹೇಳಿ.