ಬೆಕ್ಕಿನ ಉಗುರು ತೆಗೆಸಬಹುದೇ? ಕಾನೂನು ಏನು ಹೇಳುತ್ತದೆ

"ಬೆಕ್ಕ್ ಪರ್ಚತ್ತ್, ಉಗ್ರ್ ತೆಗ್ಸುಕಾತ್ತಾ?" ಕೊಲ್ಲೂರು, ವಂಡ್ಸೆ, ಬೈಂದೂರು ಕಡೆಯ ಮನೆಗಳಲ್ಲಿ ಇಂಥ ಪ್ರಶ್ನೆ ಏಳುವುದು ಸಹಜ. ಹೊಸ ಸೋಫಾದ ಬಟ್ಟೆ ಹರಿದಿರುತ್ತದೆ, ಇಲ್ಲವೇ ಅಂಬೆಗಾಲಿಕ್ಕುವ ಮಗುವಿನ ಕೆನ್ನೆ ಮೇಲೆ ಗೀರು ಬಿದ್ದಿರುತ್ತದೆ. ಕೇಳುವವರು ಬೆಕ್ಕನ್ನು ದ್ವೇಷಿಸುವವರಲ್ಲ, ಮನೆಯಲ್ಲೇ ಉಳಿಸಿಕೊಳ್ಳಬೇಕೆಂಬ ಆಸೆಯಿಂದಲೇ ಕೇಳುತ್ತಾರೆ. ಆದರೂ ಉತ್ತರ ಒಂದೇ: ಆಗುವುದಿಲ್ಲ. ಉಗುರಿನ ತುದಿಯನ್ನು ಕತ್ತರಿಸಬಹುದು. ಉಗುರನ್ನೇ ತೆಗೆಸುವುದು ಬೇರೆ ಮಾತು, ಅದು ಅಪರಾಧದ ವ್ಯಾಪ್ತಿಗೆ ಬರುತ್ತದೆ.

ಕಾನೂನಿಗೆ ಹೋಗುವ ಮೊದಲು ಈ ಶಸ್ತ್ರಚಿಕಿತ್ಸೆ ಎಂಥದ್ದೆಂದು ತಿಳಿಯಬೇಕು. ನಮ್ಮ ಉಗುರು ಚರ್ಮದಿಂದ ಬೆಳೆಯುತ್ತದೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಗೆ ಅಂಟಿಕೊಂಡು ಬೆಳೆಯುತ್ತದೆ. ಮತ್ತೆ ಬೆಳೆಯದಂತೆ ಉಗುರು ತೆಗೆಯಬೇಕಾದರೆ ಆ ಮೂಳೆಯನ್ನೇ ಗಂಟಿನಿಂದ ಕತ್ತರಿಸಬೇಕು. ಸಾಮಾನ್ಯವಾಗಿ ಬೆಕ್ಕಿಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು ಉಗುರು. ಮುಂಗಾಲಿನ ಉಗುರು ಮಾತ್ರ ತೆಗೆಸಿದರೂ ಹತ್ತು ಬೆರಳಿನ ತುದಿ ಹೋಯಿತು. ಬೆರಳ ತುದಿಯ ಮೇಲೇ ನಡೆಯುವ ಪ್ರಾಣಿ ಅದು. ಹೀಗೆ ಮಾಡಿಸಿದ ಎಷ್ಟೋ ಬೆಕ್ಕುಗಳು ನೋವಿನಿಂದ ಮಣ್ಣು ಕೆದಕಲಾರದೆ ಮನೆಯೊಳಗೇ ಗಲೀಜು ಮಾಡುತ್ತವೆ. ಪರಚಲು ಆಗದ ಬೆಕ್ಕು ಕಚ್ಚಲು ಕಲಿಯುವುದೂ ಉಂಟು. ನಮ್ಮ ಕಡೆ ಬೆಕ್ಕು ಹಗಲೆಲ್ಲ ಅಂಗಳ, ಕೊಟ್ಟಿಗೆ, ಅಡಿಕೆ ತೋಟ ಸುತ್ತುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ತೆಂಗಿನ ಮರ ಹತ್ತುವ ದಾರಿಯೂ ಅದಕ್ಕೆ ಉಳಿಯುವುದಿಲ್ಲ.

ಕರಾವಳಿಯ ಜನರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪರಿಚಯವಾದದ್ದು ಹೆಚ್ಚಾಗಿ ಕಂಬಳದ ವಿವಾದದಿಂದ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ಕೊಟ್ಟಿತು, ಅದರ ಬಿಸಿ ಕಂಬಳಕ್ಕೂ ತಟ್ಟಿತು. ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ವಿನಾಯಿತಿ ಕೊಟ್ಟಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳದ ಕೋಣಕ್ಕೆ ಅನ್ವಯಿಸಿದ ಇದೇ ಕಾಯ್ದೆ ಒಲೆ ಬದಿಯಲ್ಲಿ ಮಲಗುವ ಬೆಕ್ಕಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ.

ಕಾಯ್ದೆಯ 3ನೇ ಸೆಕ್ಷನ್ ಪ್ರಾಣಿ ಸಾಕುವವರ ಕರ್ತವ್ಯ ಹೇಳುತ್ತದೆ: ಅದರ ಯೋಗಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವು ಆಗದಂತೆ ತಡೆಯಬೇಕು. 11(1)(ಎಲ್) ಸೆಕ್ಷನ್ ಯಾವುದೇ ಪ್ರಾಣಿಯ ಅಂಗ ಊನ ಮಾಡುವುದನ್ನು ಅಪರಾಧ ಎನ್ನುತ್ತದೆ. ಬೆಕ್ಕಿನ ಉಗುರು ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಹಾಗಿದ್ದರೆ ಅದು ಅಪರಾಧ ಹೇಗೆ ಎಂದು ವಾದಿಸುವವರು ಅದೇ ಸೆಕ್ಷನ್ನಿನ ಮೂರನೇ ಉಪವಿಭಾಗ ಓದಬೇಕು. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು, ಇವನ್ನು ನಿಗದಿತ ರೀತಿಯಲ್ಲಿ ಮಾಡಿದರೆ ಅಪರಾಧವಲ್ಲ ಎಂದು ಅಲ್ಲಿ ಪಟ್ಟಿ ಮಾಡಲಾಗಿದೆ. ರೈತಾಪಿ ಬದುಕಿಗೆ ಬೇಕಾದ್ದನ್ನೆಲ್ಲ ಹೆಸರಿಟ್ಟು ಹೊರಗಿಟ್ಟ ಸಂಸತ್ತು ಉಗುರು ತೆಗೆಯುವುದನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಸೋಫಾ ಉಳಿಸಲು ಬೆರಳಿನ ಮೂಳೆ ಕತ್ತರಿಸುವುದಕ್ಕೆ ಬೇರೆ ಯಾವ ವಿನಾಯಿತಿಯೂ ಕಾಯ್ದೆಯಲ್ಲಿ ನನಗೆ ಕಾಣುವುದಿಲ್ಲ. ಸಂತಾನಹರಣ ಚಿಕಿತ್ಸೆಯನ್ನು ಇದರ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ, ಅದನ್ನು ಪಶುವೈದ್ಯರಲ್ಲಿ ಧೈರ್ಯವಾಗಿ ಮಾಡಿಸಿ.

ಉಗುರಿನ ಬುಡದಲ್ಲಿ ಗಡ್ಡೆ ಬೆಳೆದರೆ, ಬೆರಳು ಜಜ್ಜಿ ಕೊಳೆಯಲು ತೊಡಗಿದರೆ ಆ ಬೆರಳನ್ನು ತೆಗೆಯಬೇಕಾಗಬಹುದು. ಅದು ಬೆಕ್ಕಿನ ಪ್ರಾಣ ಉಳಿಸುವ ಚಿಕಿತ್ಸೆ. ನಿರ್ಧಾರ ನೋಂದಾಯಿತ ಪಶುವೈದ್ಯರದ್ದು. ಚೀಟಿ, ಎಕ್ಸ್‌ರೇ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಈಗ ದಂಡದ ವಿಷಯ. ಮೊದಲ ಬಾರಿಯ ತಪ್ಪಿಗೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರು ದಶಕ ಕಳೆದರೂ ಗರಿಷ್ಠ ಮೊತ್ತ ಬದಲಾಗದಿರುವುದು ನಾಚಿಕೆಯ ಸಂಗತಿ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಆದರೆ ಐವತ್ತು ರೂಪಾಯಿ ತಾನೇ ಎಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಪರಾಧ ಸಾಬೀತಾದ ಮೇಲೆ, ಪ್ರಾಣಿ ಮಾಲೀಕರ ಬಳಿಯೇ ಉಳಿದರೆ ಮತ್ತೆ ಹಿಂಸೆಯಾಗಬಹುದು ಎನಿಸಿದರೆ, 29ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಅದನ್ನು ಅವರಿಂದ ಬಿಡಿಸಬಹುದು.

ನೆರೆಮನೆಯ ಬೆಕ್ಕು ಮೀನು ಕದ್ದಿತೆಂದು ಸಿಟ್ಟಿನಿಂದ ಅದರ ಕಾಲು ಕಡಿದರೆ, ವಿಷ ಇಟ್ಟರೆ ಶಿಕ್ಷೆ ಇನ್ನೂ ಕಠಿಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅನ್ವಯ ಐದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂದು ಲೆಕ್ಕ ಹಾಕಬೇಕಿತ್ತು. ಈಗ ಆ ಲೆಕ್ಕ ಇಲ್ಲ.

ದೂರು ಕೊಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಮೊದಲನೆಯದಾಗಿ, ಪ್ರಾಣಿ ಹಿಂಸೆ ತಡೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಕೃತ್ಯ ನಡೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಆಗುವುದಿಲ್ಲ. "ಹಬ್ಬ ಕಳೀಲಿ, ಮಳೆ ನಿಲ್ಲಲಿ" ಎಂದು ಕಾಯುವಂತಿಲ್ಲ. ಎರಡನೆಯದು, ಪ್ರಾಣಿ ಹಿಂಸೆಯ ಎಲ್ಲ ಅಪರಾಧಗಳಲ್ಲೂ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸುವಂತಿಲ್ಲ, ಆದರೆ ಅಂಗ ಊನ ಮಾಡುವುದು 31ನೇ ಸೆಕ್ಷನ್ ಪ್ರಕಾರ ಸಂಜ್ಞೇಯ ಅಪರಾಧ. "ಇದು ನಮ್ಮ ಕೆಲಸ ಅಲ್ಲ, ಕೋರ್ಟಿಗೆ ಹೋಗಿ" ಎಂದು ಠಾಣೆಯಲ್ಲಿ ಹೇಳಿದರೆ ಆ ಸೆಕ್ಷನ್ನನ್ನು ವಿನಯದಿಂದಲೇ ತೋರಿಸಿ.

ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಬೆಕ್ಕು ಯಾರದ್ದು, ಯಾವ ಬಣ್ಣ, ಯಾವ ದಿನ ಎಲ್ಲಿ ಏನಾಯಿತು, ಯಾರು ಮಾಡಿದರು ಅಥವಾ ಮಾಡಿಸಿದರು, ಯಾರು ನೋಡಿದರು ಎಂಬುದು ಸಾಕು. ಸಿಟ್ಟಿನ ಮಾತು, ಹಳೆಯ ಗಡಿ ತಕರಾರು ಅದರೊಳಗೆ ಬರಬಾರದು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನು ತೋರಿಸಿ ಲಿಖಿತ ವರದಿ ಪಡೆದು ಲಗತ್ತಿಸಿ. ಎಕ್ಸ್‌ರೇ ತೆಗೆಸಿದರೆ ಬೆರಳಿನ ಕೊನೆಯ ಮೂಳೆ ಇದೆಯೋ ಇಲ್ಲವೋ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಡ. ಕ್ಲಿನಿಕ್ಕಿನ ಬಿಲ್, ವಾಟ್ಸ್‌ಆ್ಯಪ್ ಸಂದೇಶ, ಫೋಟೊ ಇದ್ದರೆ ಅಳಿಸಬೇಡಿ.

ಕೊಲ್ಲೂರಿನಲ್ಲೇ ಪೊಲೀಸ್ ಠಾಣೆ ಇದೆ. ಆದರೆ ಘಟನೆ ಕುಂದಾಪುರದ ಕ್ಲಿನಿಕ್ಕಿನಲ್ಲಿ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಆನ್‌ಲೈನ್‌ನಲ್ಲಿ ಕಳಿಸಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ಅರ್ಜಿಯನ್ನು ಉಡುಪಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ವಕೀಲರ ಫೀಸಿನ ಚಿಂತೆ ಇದ್ದರೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಸಂತಾನಹರಣಕ್ಕೆಂದು ಬಿಟ್ಟುಬಂದ ಬೆಕ್ಕಿನ ಉಗುರನ್ನು ನಿಮ್ಮ ಒಪ್ಪಿಗೆಯಿಲ್ಲದೆ ತೆಗೆದಿದ್ದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅದಕ್ಕೆ ಎರಡು ವರ್ಷದ ಅವಧಿ ಇದೆ. ಮಾಡಿದವರು ನೋಂದಾಯಿತ ಪಶುವೈದ್ಯರಾದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ನೋಂದಣಿಯೇ ಇಲ್ಲದವರು ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದು 1984ರ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆಯಡಿ ಬೇರೆಯೇ ತಪ್ಪು.

ಬಾಡಿಗೆ ಮನೆಯವರಿಗೆ ಒಂದು ಮಾತು. "ಬೆಕ್ಕು ಇಟ್ಟುಕೊಳ್ಳಿ, ಆದರೆ ಉಗುರು ತೆಗೆಸಿ" ಎಂದು ಮಾಲೀಕರು ಕರಾರು ಹಾಕಿದರೆ ಅದನ್ನು ಪಾಲಿಸಬೇಕಾಗಿಲ್ಲ. ಅಪರಾಧ ಮಾಡಿಸುವ ಕರಾರಿಗೆ ಬೆಲೆಯಿಲ್ಲ. ಬಾಗಿಲು, ಕಿಟಕಿಗೆ ಹಾನಿಯಾದರೆ ಭರಿಸುತ್ತೇನೆಂದು ಬರೆದುಕೊಡಿ.

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು "ಅಮೆರಿಕದಲ್ಲಿ ಎಲ್ಲರೂ ಮಾಡಿಸ್ತಾರೆ" ಎನ್ನುವುದುಂಟು. ಅಲ್ಲೂ ಕಾಲ ಬದಲಾಗಿದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಇದನ್ನು ನಿಷೇಧಿಸಿ ಸಾವಿರ ಡಾಲರ್‌ವರೆಗೆ ದಂಡ ಇಟ್ಟಿತು, 2022ರಲ್ಲಿ ಮೇರಿಲ್ಯಾಂಡ್ ಅದೇ ದಾರಿ ಹಿಡಿಯಿತು. ಯುರೋಪಿನ ಸಾಕುಪ್ರಾಣಿ ಒಡಂಬಡಿಕೆ 1987ರಲ್ಲೇ ಬೇಡ ಎಂದಿದೆ.

ಕೊಲ್ಲೂರಿನವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಊರ ಸುತ್ತ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ತೋಟದ ಅಂಚಿನಲ್ಲಿ ಸಿಕ್ಕ ಚುಕ್ಕೆಯ ಮರಿ ಚಿರತೆ ಬೆಕ್ಕಿನದ್ದಾಗಿರಬಹುದು, ಕಾಡುಬೆಕ್ಕಿನದ್ದೂ ಆಗಿರಬಹುದು. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಗೆ ತಂದು ಸಾಕುವುದೇ ತಪ್ಪು, ಉಗುರು ಮುಟ್ಟುವ ಮಾತು ಬಿಡಿ. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಮನೆಯಲ್ಲಿದ್ದ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪದಕಕ್ಕಾಗಿ ಅರಣ್ಯಾಧಿಕಾರಿಗಳು ಬಂಧಿಸಿದ್ದು ಎಲ್ಲರಿಗೂ ನೆನಪಿದೆ. ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ ಮೂರು ವರ್ಷ ಜೈಲು, ಅದು ಏಳು ವರ್ಷಕ್ಕೂ ಹೋಗಬಹುದು. ಅಂಥ ಮರಿ ಕಂಡರೆ ಅಲ್ಲೇ ಬಿಡಿ, ತಾಯಿ ಹುಡುಕಿಕೊಂಡು ಬರುತ್ತದೆ. ಬರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಉಗುರು ತೆಗೆಸುವುದಿಲ್ಲವೆಂದು ಬೆಕ್ಕನ್ನೇ ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುವುದೂ ಸಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಪ್ರಾಣಿ ಹಿಂಸೆ ತಡೆ ಕಾಯ್ದೆಯ 11(1)(ಐ) ಸೆಕ್ಷನ್ನಿನಲ್ಲಿ ಅಪರಾಧ.

ಹಾಗಾದರೆ ಪರಚುವುದಕ್ಕೆ ಏನು ಮಾಡುವುದು? ಗೀರು ಬಿದ್ದಿದ್ದರೆ ಸುಣ್ಣ, ಅರಿಶಿನ ಮೆತ್ತದೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆಂದು ತಿಳಿಯಬೇಡಿ. ಬೆಕ್ಕಿಗೂ ವರ್ಷವರ್ಷ ಲಸಿಕೆ ಹಾಕಿಸಿ. ಸೋಫಾ ಪಕ್ಕದಲ್ಲಿ ಒಂದು ಮರದ ತುಂಡಿಗೆ ತೆಂಗಿನ ನಾರಿನ ಹುರಿಯನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ನಿಲ್ಲಿಸಿ. ಬೆಕ್ಕು ಹಿಂಗಾಲ ಮೇಲೆ ಪೂರ್ತಿ ಚಾಚಿ ನಿಂತರೂ ಮೇಲೆ ಉಳಿಯುವಷ್ಟು ಎತ್ತರ ಇರಬೇಕು.

ಎರಡು ಮೂರು ವಾರಕ್ಕೊಮ್ಮೆ ತುದಿ ಕತ್ತರಿಸಿ. ಬೆಕ್ಕು ಉಂಡು ತೂಕಡಿಸುವ ಹೊತ್ತು ನೋಡಿ ತೊಡೆಯ ಮೇಲೆ ಮಲಗಿಸಿ, ಬೆರಳನ್ನು ಮೇಲಿನಿಂದಲೂ ಕೆಳಗಿನಿಂದಲೂ ಮೆಲ್ಲಗೆ ಅದುಮಿದರೆ ಒಳಗಿದ್ದ ಉಗುರು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ಗುಲಾಬಿ ಬಣ್ಣ ಕಾಣುತ್ತದೆ, ಅಲ್ಲಿ ರಕ್ತನಾಳ ಇದೆ, ಅದರ ಹತ್ತಿರಕ್ಕೂ ಹೋಗಬೇಡಿ. ಮುಂದಿನ ಬಿಳಿ ಕೊಕ್ಕೆಯನ್ನು ಮಾತ್ರ ಉಗುರು ಕತ್ತರಿಯಿಂದ ಕತ್ತರಿಸಿ. ನಾಲ್ಕು ಉಗುರಾಗುವಷ್ಟರಲ್ಲಿ ಕೊಸರಾಡಿದರೆ ಅಂದಿಗೆ ಬಿಟ್ಟುಬಿಡಿ, ಉಳಿದದ್ದನ್ನು ಮರುದಿನ ಮಾಡಿದರಾಯಿತು.